ಗ್ರಾಂಟ್‌ಗೆ ಶೆರ್ಮನ್ ಬರೆದ 1864ರ ಪತ್ರ: ಸಲಹೆ ನಡೆಯಿತೇ?

ಪ್ರಶ್ನೆ:
ಅಮೆರಿಕದ ಅಂತರ್ಯುದ್ಧದ ನಡುವೆ, 1864ರ ಮಾರ್ಚ್ 10ರಂದು ಉತ್ತರದ ರಾಜ್ಯಗಳ ಪರ ಹೋರಾಡುತ್ತಿದ್ದ ಜನರಲ್ ಶೆರ್ಮನ್ ಮೆಂಫಿಸ್ ಹತ್ತಿರದಿಂದ ತನ್ನ ಮೇಲಧಿಕಾರಿ ಜನರಲ್ ಗ್ರಾಂಟ್‌ಗೆ ಬರೆದ: ವಾಷಿಂಗ್ಟನ್‌ನಲ್ಲಿ ಉಳಿಯಬೇಡ, ಪಶ್ಚಿಮಕ್ಕೆ ಬಾ. ಗ್ರಾಂಟ್ ಪೂರ್ವದಲ್ಲೇ ಉಳಿದ. ಗೆಳೆಯನ ಮಾತನ್ನು ತಳ್ಳಿಹಾಕಿದ ಎನ್ನಬಹುದೇ?

ಉತ್ತರ 1:
ತಳ್ಳಿಹಾಕಿದ ಎನ್ನುವ ಮೊದಲು ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ. ನ್ಯಾಶ್‌ವಿಲ್‌ನಿಂದ ಗ್ರಾಂಟ್ ಬರೆದದ್ದು ಮಾರ್ಚ್ 4ಕ್ಕೆ: ತನ್ನ ಯಶಸ್ಸಿಗೆ ಶೆರ್ಮನ್, ತನ್ನ ಕೈಕೆಳಗಿನ ಇನ್ನೊಬ್ಬ ಜನರಲ್ ಮ್ಯಾಕ್‌ಫರ್ಸನ್ ಇಬ್ಬರಿಗೂ ಋಣಿ ಎಂದು. ಅಧ್ಯಕ್ಷ ಲಿಂಕನ್ ಅವನಿಗೆ ಲೆಫ್ಟಿನೆಂಟ್ ಜನರಲ್ ಎಂಬ ಸೇನೆಯ ಅತ್ಯುನ್ನತ ಹುದ್ದೆಯ ಸನ್ನದು ಕೊಟ್ಟದ್ದು 9ಕ್ಕೆ. ಶೆರ್ಮನ್‌ನ ಉತ್ತರಕ್ಕೆ 10ರ ತಾರೀಖಿದೆ. ಅದೇ ದಿನ ಗ್ರಾಂಟ್ ವರ್ಜೀನಿಯಾದ ಬ್ರಾಂಡಿ ಸ್ಟೇಷನ್‌ನಲ್ಲಿ ಪೂರ್ವದ ಸೈನ್ಯದ ದಂಡನಾಯಕ ಮೀಡ್‌ನನ್ನು ಕಾಣಲು ಹೋಗಿದ್ದ.

ಪತ್ರದಲ್ಲಿ ಸಲಹೆ ಎರಡಿವೆ, ಬೇರೆಬೇರೆಯಾಗಿ ಓದಬೇಕು. ‘ರಾಜಧಾನಿಯಲ್ಲಿ ಕೂರಬೇಡ, ಅಲ್ಲಿನ ಒಳಸಂಚುಗಳನ್ನು ತಾಳಲು ಹ್ಯಾಲೆಕ್ ನಿನಗಿಂತ ತಕ್ಕವನು’ ಎಂಬುದು ಒಂದು (ಹ್ಯಾಲೆಕ್ ಅಲ್ಲಿಯವರೆಗಿನ ಪ್ರಧಾನ ಸೇನಾಪತಿ). ನಡೆದದ್ದೂ ಹಾಗೆಯೇ: ಹ್ಯಾಲೆಕ್ ವಾಷಿಂಗ್ಟನ್‌ನಲ್ಲಿ ಚೀಫ್ ಆಫ್ ಸ್ಟಾಫ್ ಆದ, ಗ್ರಾಂಟ್ ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಸೈನ್ಯದ ಜೊತೆಗೇ ಠಾಣೆ ಹೂಡಿದ. ‘ಪಶ್ಚಿಮಕ್ಕೆ ಬಾ’ ಎಂಬ ಇನ್ನೊಂದು ಮಾತ್ರ ನಡೆಯಲಿಲ್ಲ. ಪಶ್ಚಿಮದ ಹೊಣೆ ಶೆರ್ಮನ್‌ನ ಹೆಗಲಿಗೇ ಬಂತು.

ಆದರೆ ಮೊದಲನೆಯದನ್ನೂ ‘ಸಲಹೆಯ ಫಲ’ ಎನ್ನಲು ನಾನು ಒಪ್ಪುವುದಿಲ್ಲ. ಹ್ಯಾಲೆಕ್, ಶೆರ್ಮನ್ ಇಬ್ಬರ ನೇಮಕವೂ ಇರುವ ಆದೇಶದ ತಾರೀಖು ಮಾರ್ಚ್ 12. ಗ್ರಾಂಟ್‌ನ 4ರ ಪತ್ರಕ್ಕೇ 10ರಂದು ಉತ್ತರ ಬರೆಯಲಾಗಿದೆ; ಅಂಥ ಅಂಚೆಯಲ್ಲಿ ಎರಡು ದಿನಕ್ಕೆ ಪತ್ರ ತಲುಪಿ ಆದೇಶವೂ ಹೊರಬೀಳುವುದು ಕಷ್ಟ. ಇಬ್ಬರೂ ಒಂದೇ ಥರ ಯೋಚಿಸುತ್ತಿದ್ದರು ಎನ್ನುವಷ್ಟಕ್ಕೆ ನಿಲ್ಲಿ.

ಉತ್ತರ 2:
ತಾರೀಖಿನ ಮಾತು ಸರಿ. ಶೆರ್ಮನ್‌ನ ಈ ಪತ್ರಕ್ಕೆ ‘ಖಾಸಗಿ, ಗೋಪ್ಯ’ ಎಂಬ ತಲೆಬರಹವಿದೆ ಎನ್ನುವುದನ್ನೂ ಮರೆಯಬೇಡಿ. ಹೊಗಳಿಕೆಯ ಮಧ್ಯೆಯೇ ಶೆರ್ಮನ್, ಯುದ್ಧತಂತ್ರದಲ್ಲೂ ಪುಸ್ತಕಜ್ಞಾನದಲ್ಲೂ ನಿನ್ನ ಬಗ್ಗೆ ನನಗೆ ಅನುಮಾನವಿತ್ತು ಎಂದು ನೇರವಾಗಿ ಹೇಳುತ್ತಾನೆ. ಮೇಲಧಿಕಾರಿಗೆ ಕಳಿಸುವ ಸರ್ಕಾರಿ ವರದಿಯಲ್ಲಿ ಈ ಸಾಲು ಬರುತ್ತಿರಲಿಲ್ಲ. ಇಡೀ ಪತ್ರವನ್ನು ನಂಬಲು ನನಗೆ ಈ ಸಾಲೇ ದೊಡ್ಡ ಕಾರಣ. ‘ದೇವರಾಣೆ, ವಾಷಿಂಗ್ಟನ್ ಬಿಟ್ಟು ಬಾ’ ಎಂಬ ಉದ್ಗಾರವೊಂದನ್ನೇ ಉದ್ಧರಿಸುವವರಿಗೆ ಇದು ಕಾಣುವುದೇ ಇಲ್ಲ.

ಈ ಪತ್ರವನ್ನು 1875ರ ತನ್ನ ಆತ್ಮಕಥೆಯಲ್ಲಿ ಅಚ್ಚು ಹಾಕಿಸಿದವನೂ ಶೆರ್ಮನ್ನೇ, ಆಗ ಗ್ರಾಂಟ್ ಅಧ್ಯಕ್ಷ. ಹಾಗಾಗಿ ಅಚ್ಚಿಗೆ ಮುನ್ನ ಏನಾದರೂ ತಿದ್ದಿದ್ದಾನೆಯೇ ಎಂದು ತಿಳಿಯಲು, ಆ ಪಠ್ಯವನ್ನು ಸರ್ಕಾರ ಪ್ರಕಟಿಸಿದ ಯುದ್ಧ ದಾಖಲೆಗಳ ಪಠ್ಯದೊಂದಿಗೆ ಸಾಲು ಸಾಲಾಗಿ ಹೋಲಿಸಿ. ಪಶ್ಚಿಮದಲ್ಲೇ ಉಳಿಯಬೇಕೆಂದಿದ್ದೆ, ವಾಷಿಂಗ್ಟನ್‌ನ ಪರಿಸ್ಥಿತಿ ನೋಡಿದ ಮೇಲೆ ಮನಸ್ಸು ಬದಲಾಯಿತು ಎಂದು ಗ್ರಾಂಟ್ ಬರೆದದ್ದು ಇಪ್ಪತ್ತು ವರ್ಷಗಳ ನಂತರ. ಕಾರಣ ತಿಳಿಯಲು ಅದನ್ನು ಬಳಸಿ, ದಿನ ಗೊತ್ತುಮಾಡಲು ಬೇಡ.