ಅಮಿಲಾಯ್ಡ್ ತೆಗೆದರೆ ನೆನಪು ಉಳಿಯುತ್ತಾ?

ಗಿರಿಧರ
ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ಮಿದುಳಿನಲ್ಲಿ ಪ್ಲೇಕ್ ಎಂಬ ಗಂಟುಗಳಾಗಿ ಸೇರಿಕೊಳ್ಳುವುದೇ ಆಲ್ಜೈಮರ್‌ಗೆ ಮೂಲ ಅಂತ 1992ರಿಂದ ಹೇಳುತ್ತಲೇ ಇದ್ದಾರೆ. ಪ್ಲೇಕ್ ತೆಗೆದರೂ ಯಾರಿಗೂ ಹೋದ ನೆನಪು ವಾಪಸ್ ಬಂದಿಲ್ಲ. 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ, ಅಮಿಲಾಯ್ಡ್ ವಿರುದ್ಧದ ಲಸಿಕೆ ಪ್ರಯೋಗ ನೆನಪಿದೆಯಾ? ಅದರಲ್ಲಿದ್ದ ಕೆಲವರ ಮಿದುಳನ್ನು ಸತ್ತ ಮೇಲೆ ಪರೀಕ್ಷಿಸಿದರು. ಪ್ಲೇಕ್ ಬಹುತೇಕ ಹೋಗಿತ್ತು. ಆದರೂ ಸಾಯುವ ಹೊತ್ತಿಗೆ ಅವರಿಗೆ ತೀವ್ರ ಮರೆವು ಇತ್ತು. ಇನ್ನೆಷ್ಟು ಸಾಕ್ಷಿ ಬೇಕು?

ವಸುಧಾ
ಸಾಕ್ಷಿ ಬೇಕಾ? ತಗೊಳ್ಳಿ. ಅಮಿಲಾಯ್ಡ್ ಹುಟ್ಟುವ ಮೂಲ ಪ್ರೋಟೀನಿನ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸಾಮಾನ್ಯವಾಗಿ ಅದರ ಮೂರು ಪ್ರತಿ ಇರುತ್ತವೆ. 40 ದಾಟುವ ಹೊತ್ತಿಗೆ ಹೆಚ್ಚುಕಮ್ಮಿ ಅವರೆಲ್ಲರ ಮಿದುಳಿನಲ್ಲೂ ಪ್ಲೇಕ್ ಕಾಣುತ್ತದೆ. ಅದೇ ಜೀನಿನ ಒಂದು ಬದಲಾವಣೆ ಐಸ್‌ಲೆಂಡಿನವರಲ್ಲಿ 2012ರಲ್ಲಿ ಸಿಕ್ಕಿತು. ಅದಿರುವವರಲ್ಲಿ ಅಮಿಲಾಯ್ಡ್ ಕಡಿಮೆ ಹುಟ್ಟುತ್ತದೆ, ಆಲ್ಜೈಮರ್ ಕೂಡ ಕಡಿಮೆ. ಇದಕ್ಕೆ ಏನು ಹೇಳುತ್ತೀರಿ? ಇನ್ನು ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಔಷಧ ಕಾಯಿಲೆಯ ಓಟವನ್ನು 27% ನಿಧಾನ ಮಾಡಿತು.

ಮಂಜುನಾಥ್
27% ಅಂತೆ! ಆ ಅಂಕಿ ಹೇಗೆ ಬಂತು ಅಂತ ಹೇಳಿ ಮೇಡಂ. ಕಾಯಿಲೆ ಎಷ್ಟು ಹದಗೆಟ್ಟಿದೆ ಎನ್ನುವ ಅಳತೆ ಒಟ್ಟು 18 ಅಂಕದ್ದು, ಅಂಕ ಹೆಚ್ಚಿದಷ್ಟೂ ಸ್ಥಿತಿ ಕೆಟ್ಟದ್ದು. 18 ತಿಂಗಳಲ್ಲಿ ಔಷಧ ಇಲ್ಲದವರು 1.66 ಅಂಕ ಹದಗೆಟ್ಟರು, ಔಷಧ ತಗೊಂಡವರು 1.21. ವ್ಯತ್ಯಾಸ 0.45. ಪತ್ರಿಕೆಗೆ ಕೊಡುವಾಗ 27%, ಮನೆಯವರಿಗೆ ಕಾಣುವುದು 18ರಲ್ಲಿ ಅರ್ಧ ಅಂಕಕ್ಕೂ ಕಡಿಮೆ.

ವಸುಧಾ
18ರಿಂದ ಯಾಕೆ ಭಾಗಿಸುತ್ತೀರಿ? ಅವರೆಲ್ಲ ಶುರುವಿನ ಹಂತದವರು. ಒಂದೂವರೆ ವರ್ಷದಲ್ಲಿ ಯಾರೂ 18 ಮುಟ್ಟುವುದಿಲ್ಲ. 1.66 ಹೋಗಬೇಕಿದ್ದ ಕಡೆ 1.21 ಹೋಯಿತು, ಹೋಲಿಕೆ ಅಲ್ಲೇ ಆಗಬೇಕು.

ಮಂಜುನಾಥ್
ಸರಿ, ಭಾಗಿಸುವುದೇ ಬೇಡ. ಆ ಅಳತೆಯಲ್ಲಿ ಅತಿ ಚಿಕ್ಕ ಮೆಟ್ಟಿಲೇ 0.5. ನಿಮ್ಮ ಔಷಧ ಒಂದು ಮೆಟ್ಟಿಲೂ ಉಳಿಸಿಲ್ಲ.

ವಸುಧಾ
ಅತಿ ಚಿಕ್ಕ ಮೆಟ್ಟಿಲು ಒಬ್ಬ ರೋಗಿಗೆ ಸರ್. 0.45 ಎನ್ನುವುದು ಸುಮಾರು 1,800 ಜನರ ಸರಾಸರಿ ಲೆಕ್ಕ. ಕೆಲವರಿಗೆ ಏನೂ ಆಗಿಲ್ಲ, ಕೆಲವರಿಗೆ ಜಾಸ್ತಿ ಉಪಯೋಗ ಆಗಿದೆ. ಎರಡನ್ನೂ ಬೆರೆಸಬೇಡಿ.

ಹರ್ಷ
ಟಾವ್ ಪ್ರೋಟೀನ್ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ. 1906ರಲ್ಲಿ ವೈದ್ಯ ಆಲ್ಜೈಮರ್ ವಿವರಿಸಿದ್ದು ಪ್ಲೇಕ್ ಮಾತ್ರ ಅಲ್ಲ, ನರಕೋಶದೊಳಗಿನ ಟಾವ್ ಎಳೆಗಳ ಸಿಕ್ಕನ್ನೂ. ನೆನಪು ಎಷ್ಟು ಹೋಗಿದೆ ಎನ್ನುವುದಕ್ಕೆ ಹೆಚ್ಚು ಹೊಂದುವುದು ಆ ಸಿಕ್ಕು. ಪ್ಲೇಕ್ ತುಂಬಿದ್ದರೂ ಮಾತು, ಲೆಕ್ಕ, ನೆನಪು ಎಲ್ಲ ಸರಿಯಿರುವ ವಯಸ್ಸಾದವರು ಎಷ್ಟೋ ಜನ ಇದ್ದಾರೆ.

ಗಿರಿಧರ
"ಪ್ಲೇಕ್ ತುಂಬಿದ್ದರೂ ಎಲ್ಲ ಸರಿ." ನಾನು ಹೇಳಿದ್ದೂ ಇದನ್ನೇ! ಜೊತೆಗೆ 2006ರ ನೇಚರ್ ಲೇಖನ ನೋಡಿ. ಒಂದು ಬಗೆಯ ಅಮಿಲಾಯ್ಡ್ ಇಲಿಗಳ ನೆನಪು ಕೆಡಿಸುತ್ತದೆ ಎಂದಿತ್ತು. ಚಿತ್ರಗಳನ್ನು ತಿದ್ದಿದ್ದು ಹೊರಗೆ ಬಂದು 2024ರಲ್ಲಿ ವಾಪಸ್ ತಗೊಂಡರು. ಇಡೀ ಕಟ್ಟಡವೇ ಸುಳ್ಳಿನ ಮೇಲೆ ನಿಂತಿದೆ.

ವಸುಧಾ
1991ರಲ್ಲೇ ಆಲ್ಜೈಮರ್ ಬರುವ ಕುಟುಂಬಗಳಲ್ಲಿ ಇದೇ ಅಮಿಲಾಯ್ಡ್ ಜೀನಿನ ದೋಷ ಸಿಕ್ಕಿತ್ತು. 2006ರ ಲೇಖನ ಬಿದ್ದರೆ ಅದು ಹೇಗೆ ಬೀಳುತ್ತದೆ? ಮಂಜುನಾಥ್ ಅವರೇ, ಸರಾಸರಿಗೆ ನೀವು ಉತ್ತರ ಕೊಟ್ಟಿಲ್ಲ.

ಮಂಜುನಾಥ್
ಕೊಡುತ್ತೇನೆ. ಕೆಲವರಿಗೆ ಜಾಸ್ತಿ ಉಪಯೋಗ ಅಂದ್ರಲ್ಲ, ಅಪಾಯಾನೂ ಹಾಗೇ ಅಲ್ವಾ? ಔಷಧ ತಗೊಂಡವರಲ್ಲಿ 12.6% ಜನರ ಮಿದುಳಿನಲ್ಲಿ ಊತ. ಅದರ ಸರಾಸರಿ ಯಾರು ಹೇಳುತ್ತಾರೆ?

ವಸುಧಾ
ಅರ್ಧ ಅಂಕಿ ಹೇಳಿ ಹೆದರಿಸಬೇಡಿ. ಊತದಿಂದ ತೊಂದರೆ ಕಾಣಿಸಿದ್ದು 2.8% ಜನರಲ್ಲಿ. ಉಳಿದದ್ದು ಎಂಆರ್‌ಐನಲ್ಲಿ ಮಾತ್ರ ಕಂಡದ್ದು.

ಮಂಜುನಾಥ್
"ಮಾತ್ರ"? ಮಿದುಳಿನ ಊತಕ್ಕೆ "ಮಾತ್ರ" ಅಂತೀರಾ? ಆಲ್ಜೈಮರ್ ಅಪಾಯ ಹೆಚ್ಚಿಸುವ ಎಪಿಒಇ4 ಜೀನಿನ ಎರಡು ಪ್ರತಿ ಇರುವವರಲ್ಲಿ ಮೂವರಲ್ಲಿ ಒಬ್ಬರಿಗೆ ಊತ ಬಂದಿದೆ. ಅವರಿಗೂ ಇದನ್ನೇ ಹೇಳಿ.

ಕವಿತಾ
ನಮ್ಮಮ್ಮನನ್ನು ನೋಡಿಕೊಳ್ಳುವವಳು ನಾನು. ಸ್ನಾನ ಆದ ಮೇಲೆ ಬಟ್ಟೆ ಕೈಯಲ್ಲಿ ಹಿಡಿದು ನಿಂತುಬಿಡುತ್ತಾರೆ, ಯಾವುದನ್ನು ಮೊದಲು ಹಾಕಬೇಕು ಗೊತ್ತಾಗುವುದಿಲ್ಲ. ಹೋದ ವರ್ಷ ತಾವೇ ಹಾಕಿಕೊಳ್ಳುತ್ತಿದ್ದರು. ನಿಮ್ಮ ಅಳತೆಯಲ್ಲಿ ಅದು ಎಷ್ಟು ಅಂಕವೋ ಏನೋ. ಆ ಒಂದು ವರ್ಷ ಮುಂದಕ್ಕೆ ಹೋಗಿದ್ದರೆ ನನಗೆ ಅದು ಸಣ್ಣದಲ್ಲ. ಊತದ ಭಯವೂ ಇದೆ. ಎರಡನ್ನೂ ನಮ್ಮ ಮುಂದಿಟ್ಟು ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಮಂಜುನಾಥ್
ಕವಿತಾ ಅವರೇ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ "ಒಂದು ವರ್ಷ" ಅಂತ ಯಾವ ಪ್ರಯೋಗವೂ ತೋರಿಸಿಲ್ಲ. ಅಂಥ ಆಸೆ ಹುಟ್ಟಿಸುವುದು ಇದೇ 27%.

ವಸುಧಾ
ಲೆಕಾನೆಮ್ಯಾಬ್ ಬಗ್ಗೆ ಮೂರು ವರ್ಷದ ಮಾಹಿತಿಯೂ ಬಂದಿದೆ. ಅಂತರ ಹೆಚ್ಚುತ್ತಾ ಹೋಗಿದೆ, ನೋಡಿ.

ಮಂಜುನಾಥ್
ನೋಡಿದ್ದೇನೆ. 18 ತಿಂಗಳಾದ ಮೇಲೆ ಮುಂದುವರಿದವರಿಗೆಲ್ಲ ಔಷಧ ಕೊಟ್ಟರು, ಔಷಧ ಇಲ್ಲದ ಗುಂಪೇ ಉಳಿಯಲಿಲ್ಲ. ಹೋಲಿಸಿದ್ದು ಬೇರೊಂದು ಅಧ್ಯಯನದ ರೋಗಿಗಳ ಜೊತೆ. ಇದನ್ನು ಯಾಕೆ ಬಿಟ್ಟಿರಿ?

ವಸುಧಾ
ಪರಿಣಾಮ ಇದೆ ಅಂತ ಗೊತ್ತಾದ ಮೇಲೂ ಇನ್ನೂ ಒಂದೂವರೆ ವರ್ಷ ಜನರಿಗೆ ಔಷಧವಿಲ್ಲದ ಖಾಲಿ ಡ್ರಿಪ್ ಹಾಕಬೇಕಿತ್ತಾ? ಮೊದಲು ಇದಕ್ಕೆ ಉತ್ತರ ಕೊಡಿ.