ದೀರ್ಘ ಪ್ರವಾಸದ ನಡುವೆ ಮೋಟರ್‌ಹೋಮ್‌ಗೆ ಆಯಿಲ್ ಬದಲಾವಣೆ ಎಲ್ಲಿ ಮಾಡಿಸುವುದು?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನಮ್ಮ ಬಳಿ 2015ರ ಫೋರ್ಡ್ ಇ-450 ಚಾಸಿಯ (ವಾಹನದ ತಳಚೌಕಟ್ಟಿನ) ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಮಧ್ಯಮ ಗಾತ್ರದ ಮನೆಗಾಡಿ ಇದೆ. ಎಂಜಿನ್ 6.8 ಲೀಟರಿನ ವಿ10, ಪೆಟ್ರೋಲ್. ಬರುವ ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ, ಮಾವ ಬರುತ್ತಿದ್ದಾರೆ. ಅವರನ್ನು ಕರೆದುಕೊಂಡು ಐ-80 ಹೆದ್ದಾರಿಯಲ್ಲಿ ನೆವಾಡಾದ ವೆಲ್ಸ್‌ವರೆಗೆ ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಿ, ಟ್ವಿನ್ ಫಾಲ್ಸ್ ಮತ್ತು ಐಡಹೊ ಫಾಲ್ಸ್ ಮಾರ್ಗವಾಗಿ ಯೆಲ್ಲೊಸ್ಟೋನ್ ತಲುಪುವ ಯೋಜನೆಯಿದೆ. ಆಮೇಲೆ ಕೋಡಿ, ಬಫೆಲೊ, ರ‍್ಯಾಪಿಡ್ ಸಿಟಿ, ಬ್ಯಾಡ್‌ಲ್ಯಾಂಡ್ಸ್ ನೋಡಿಕೊಂಡು ಶಿಕಾಗೊ ಹತ್ತಿರವಿರುವ ನಾದಿನಿಯ ಮನೆಯಲ್ಲಿ ಕೆಲವು ದಿನ ಉಳಿದು, ಐ-80ರಲ್ಲೇ ನೇರವಾಗಿ ಹಿಂದಿರುಗುತ್ತೇವೆ. ಒಟ್ಟು 5,000 ಮೈಲಿ ದಾಟುವುದು ಖಚಿತ. ಹಿಂದೆ ಒಂದು ಸಣ್ಣ ಕಾರನ್ನೂ ಎಳೆದುಕೊಂಡು ಹೋಗುತ್ತೇವೆ.

ಹಿಂದಿನ ಸಲ ಆಯಿಲ್ ಬದಲಾಯಿಸಿದ ಮೇಲೆ ಗಾಡಿ ಈಗಾಗಲೇ 2,000 ಮೈಲಿಗೂ ಹೆಚ್ಚು ಓಡಿದೆ. ಹೀಗಾಗಿ ಮುಂದಿನ ಬದಲಾವಣೆ ಪ್ರವಾಸದ ನಟ್ಟನಡುವೆ ಬರುತ್ತದೆ. ಮನೆಯ ಹತ್ತಿರದ ಕಾರು ಸರ್ವೀಸ್ ಅಂಗಡಿಯಲ್ಲಿ ವಿಚಾರಿಸಿದರೆ, ಇಷ್ಟು ಎತ್ತರದ ಗಾಡಿ ನಮ್ಮ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ಕಳುಹಿಸಿಬಿಟ್ಟರು. ಮನೆಯ ಹತ್ತಿರವೇ ಹೀಗಾದರೆ ಗುರುತಿಲ್ಲದ ಊರಿನಲ್ಲಿ ಎಲ್ಲಿಗೆ ಹೋಗಬೇಕು, ಏನನ್ನು ಕೇಳಬೇಕು? ವಯಸ್ಸಾದವರು ಜೊತೆಗಿರುವುದರಿಂದ ಯಾವುದೋ ಅಂಗಡಿಯ ಮುಂದೆ ಅರ್ಧ ದಿನ ಬಿಸಿಲಿನಲ್ಲಿ ಕಾಯುವ ಪರಿಸ್ಥಿತಿ ಬರಬಾರದು ಎಂಬುದೇ ನನ್ನ ಮುಖ್ಯ ಕಾಳಜಿ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಆಸ್ಟಿನ್, ಟೆಕ್ಸಾಸ್)

ನಮಸ್ಕಾರ. ನನ್ನ ಮೊದಲ ಸಲಹೆಯೆಂದರೆ, 2,000 ಮೈಲಿ ಮಾತ್ರ ಓಡಿದೆ ಎಂದು ನೋಡದೆ ಹೊರಡುವ ಮುನ್ನವೇ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಹೊಸದು ಹಾಕಿಸಿ. ಉಳಿದ ಮೈಲಿಗಳನ್ನು ವ್ಯರ್ಥ ಮಾಡಿದಂತೆ ಅನಿಸಬಹುದು, ಆದರೆ ವೈಯೋಮಿಂಗ್‌ನ ಯಾವುದೋ ಸಣ್ಣ ಊರಿನಲ್ಲಿ ಅಂಗಡಿ ಹುಡುಕುತ್ತಾ ಕಳೆಯುವ ಒಂದು ದಿನದ ಬೆಲೆಗೆ ಹೋಲಿಸಿದರೆ ಆರೇಳು ಕ್ವಾರ್ಟ್ (ಒಂದು ಕ್ವಾರ್ಟ್ ಎಂದರೆ ಲೀಟರಿಗಿಂತ ತುಸು ಕಡಿಮೆ) ಆಯಿಲ್ ದೊಡ್ಡ ಖರ್ಚಲ್ಲ.

ಎರಡನೆಯದಾಗಿ, ಫೋರ್ಡ್ ಕೈಪಿಡಿಯಲ್ಲಿ ಸಾಧಾರಣ ಬಳಕೆಗೆ ಒಂದು ಅಂತರ, ಕಠಿಣ ಬಳಕೆಗೆ ಇನ್ನೊಂದು ಅಂತರ ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಕಾರು ಎಳೆದುಕೊಂಡು, ಮೈತುಂಬ ಸಾಮಾನು ಹೊತ್ತು, ಡಾನರ್ ಪಾಸ್ ಎಂಬ ಬೆಟ್ಟದ ದಾರಿಯ 7,000 ಅಡಿಯನ್ನೂ ಬಿಗ್‌ಹಾರ್ನ್ ಬೆಟ್ಟಗಳ ಮೇಲಿನ ಪೌಡರ್ ರಿವರ್ ಪಾಸ್‌ನ 9,666 ಅಡಿಯನ್ನೂ ಬೇಸಿಗೆಯ ಬಿಸಿಲಿನಲ್ಲಿ ಏರುವ ಗಾಡಿಯದ್ದು ಯಾವ ಲೆಕ್ಕದಲ್ಲೂ ಸಾಧಾರಣ ಬಳಕೆಯಲ್ಲ. ಆದ್ದರಿಂದ 5,000 ಮೈಲಿ ಅಥವಾ ಆರು ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಅದನ್ನೇ ಮಿತಿಯೆಂದು ಇಟ್ಟುಕೊಳ್ಳಿ. ಹೊಸ ಆಯಿಲಿನೊಂದಿಗೆ ಹೊರಟರೆ ಆ ಮಿತಿ ಹೆಚ್ಚುಕಡಿಮೆ ನೀವು ಮನೆಗೆ ಮರಳುವ ಹೊತ್ತಿಗೆ ಬರುತ್ತದೆ. ದಾರಿಯಲ್ಲಿ ಬದಲಾಯಿಸುವ ಅಗತ್ಯವೇ ಇರಲಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವುದನ್ನು ಮಾತ್ರ ಬಿಡಬೇಡಿ. ಪ್ರತಿ ಎರಡು ಮೂರು ಸಲ ಪೆಟ್ರೋಲ್ ಹಾಕಿಸುವಾಗ ಒಮ್ಮೆ ನೋಡಿ. ಕ್ಯಾಂಪ್‌ಗ್ರೌಂಡಿನ ಇಳಿಜಾರಿನಲ್ಲಿ ನಿಂತು ನೋಡಿದರೆ ಅಳತೆ ತಪ್ಪಾಗಿ ಕಾಣುತ್ತದೆ. ಅದನ್ನು ನಂಬಿ ಒಂದು ಕ್ವಾರ್ಟ್ ಹೆಚ್ಚಿಗೆ ಸುರಿಯುವುದು ಕಡಿಮೆ ಇರುವುದರಷ್ಟೇ ತೊಂದರೆ ತರಬಲ್ಲದು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಐದು ಹತ್ತು ನಿಮಿಷ ಬಿಟ್ಟು ನೋಡಬೇಕು.

ಉತ್ತರ 2 (ನೇಪರ್‌ವಿಲ್, ಇಲಿನಾಯ್)

ಮೇಲಿನವರು ಹೇಳಿದ್ದರಲ್ಲಿ ಹೊರಡುವ ಮುನ್ನ ಬದಲಾಯಿಸಬೇಕು ಎಂಬುದನ್ನು ಪೂರ್ಣವಾಗಿ ಒಪ್ಪುತ್ತೇನೆ. ದಾರಿಯಲ್ಲಿ ಅಗತ್ಯವಿರಲಾರದು ಎಂಬುದನ್ನು ಒಪ್ಪುವುದು ಕಷ್ಟ. ಮೋಟರ್‌ಹೋಮ್ ಪ್ರವಾಸಗಳು ನಕ್ಷೆಯಲ್ಲಿ ತೋರಿದಷ್ಟಕ್ಕೆ ಮುಗಿಯುವುದಿಲ್ಲ. ಅತ್ತೆಯವರಿಗೆ ಗ್ರ್ಯಾಂಡ್ ಟೀಟನ್ ಕೂಡ ನೋಡಬೇಕು ಅನಿಸುತ್ತದೆ, ಶಿಕಾಗೊದಿಂದ ಯಾರೋ ನಯಾಗರಾಕ್ಕೆ ಕರೆಯುತ್ತಾರೆ. ಆದ್ದರಿಂದ ನಡುವೆ ಒಂದು ಬದಲಾವಣೆಯನ್ನು ಈಗಲೇ ಯೋಜನೆಯಲ್ಲಿ ಸೇರಿಸಿಬಿಡಿ. ಅದಕ್ಕೆ ಸರಿಯಾದ ಜಾಗ ಶಿಕಾಗೊ ಸುತ್ತಮುತ್ತ. ಹಿರಿಯರು ನಾದಿನಿಯ ಮನೆಯಲ್ಲಿ ಆರಾಮವಾಗಿರುತ್ತಾರೆ, ಕಾರನ್ನು ಅಲ್ಲೇ ಬಿಟ್ಟು ನೀವೊಬ್ಬರೇ ಗಾಡಿ ತೆಗೆದುಕೊಂಡು ಹೋಗಬಹುದು. ಕಾರು ಕಟ್ಟಿಕೊಂಡು ಸರ್ವೀಸ್ ಅಂಗಣದೊಳಗೆ ಹೋದರೆ ಹಿಂದಕ್ಕೆ ತೆಗೆಯಲು ಆಗುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ನಿಮ್ಮನ್ನು ಅಂಗಡಿಯವರು ವಾಪಸ್ ಕಳುಹಿಸಿದ್ದಕ್ಕೆ ಎತ್ತರ ಒಂದೇ ಕಾರಣವಲ್ಲ. ಚಾವಣಿಯ ಏಸಿ ಸೇರಿ ಕ್ಲಾಸ್ ಸಿ ಗಾಡಿ ಸಾಮಾನ್ಯವಾಗಿ 11 ಅಡಿಯ ಆಸುಪಾಸಿನಲ್ಲಿರುತ್ತದೆ, ಕಾರಿಗೆಂದೇ ಕಟ್ಟಿದ ಅಂಗಡಿಗಳ ಬಾಗಿಲು ಅನೇಕ ಕಡೆ ಅದಕ್ಕಿಂತ ತಗ್ಗು. ಅದರ ಜೊತೆಗೆ ಇ-450ಕ್ಕೆ ತುಂಬಿದ ಗಾಡಿಯ ಗರಿಷ್ಠ ತೂಕ 14,500 ಪೌಂಡ್, ಅಂದರೆ ಆರೂವರೆ ಟನ್ನಿಗೂ ಮಿಗಿಲು. ಕಾರಿನ ಲಿಫ್ಟ್ ಅದನ್ನು ಎತ್ತಲಾರದು. ನೆಲದಲ್ಲಿ ಪಿಟ್ ಇರುವ ಕಡೆಯಲ್ಲೂ ಹಿಂದಿನ ಜೋಡಿ ಚಕ್ರಗಳ ಅಗಲಕ್ಕೆ ಜಾಗ ಸಾಲದೆ ಹೋಗಬಹುದು.

ಹಾಗಾಗಿ ಮೊದಲು ವಿಚಾರಿಸಬೇಕಾದದ್ದು ಫೋರ್ಡ್ ಡೀಲರುಗಳಲ್ಲಿ ಲಾರಿ ಮತ್ತು ವಾಣಿಜ್ಯ ವಾಹನಗಳ ವಿಭಾಗ ಇರುವವರನ್ನು. ಎಲ್ಲ ಡೀಲರುಗಳಲ್ಲೂ ಆ ವಿಭಾಗ ಇರುವುದಿಲ್ಲ. ಇರುವಲ್ಲಿ ನಿಮ್ಮ ಎಂಜಿನ್ನು ಅವರ ದಿನನಿತ್ಯದ ಕೆಲಸ, ಏಕೆಂದರೆ ಇದೇ ಚಾಸಿಯ ಮೇಲೆ ಆಂಬ್ಯುಲೆನ್ಸ್‌ಗಳೂ ಸರಕು ಗಾಡಿಗಳೂ ಶಾಲಾ ಬಸ್ಸುಗಳೂ ಓಡುತ್ತವೆ. ಅದು ಸಿಗದಿದ್ದರೆ ಹೆದ್ದಾರಿ ಪಕ್ಕದ ಲಾರಿ ಸರ್ವೀಸ್ ಕೇಂದ್ರಗಳು. ಸ್ಪೀಡ್‌ಕೊ ಎಂಬ ಸರಣಿ 2017ರಿಂದ ಲವ್ಸ್ ಕಂಪನಿಯ ಕೈಯಲ್ಲಿದೆ, ಟಿಎ ಎಂಬ ಸರಣಿಯ ಲಾರಿ ನಿಲ್ದಾಣಗಳಲ್ಲೂ ಲಾರಿ ಸರ್ವೀಸ್ ಇದೆ. ನೀವು ಹಿಂದಿರುಗುವ ಐ-80ರಲ್ಲಿ ಅಯೋವಾದ ವಾಲ್‌ಕಾಟ್ ಬಳಿ ಜಗತ್ತಿನಲ್ಲೇ ಅತಿ ದೊಡ್ಡ ಲಾರಿ ನಿಲ್ದಾಣವೆಂದು ಹೆಸರಾದ ಅಯೋವಾ 80 ಇದೆ, ಅಲ್ಲಿಯೂ ಸರ್ವೀಸ್ ಕೇಂದ್ರವಿದೆ. ಇಂಥ ಕಡೆ ಹದಿನೆಂಟು ಚಕ್ರದ ಲಾರಿಗಳೇ ಒಂದು ಬಾಗಿಲಿನಿಂದ ಒಳಹೋಗಿ ಇನ್ನೊಂದರಿಂದ ಹೊರಬರುವುದರಿಂದ ಎತ್ತರ, ತೂಕಗಳ ಪ್ರಶ್ನೆಯೇ ಏಳುವುದಿಲ್ಲ.

ಆದರೆ ಅಲ್ಲಿ ಬೇರೆ ಎಚ್ಚರ ಬೇಕು. ಆ ಕೇಂದ್ರಗಳಲ್ಲಿ ಸದಾ ಸಿಗುವುದು ಡೀಸೆಲ್ ಲಾರಿಗಳ 15ಡಬ್ಲ್ಯು-40 ದರ್ಜೆಯ ದಪ್ಪ ಆಯಿಲ್. ನಿಮ್ಮ ವಿ10ಕ್ಕೆ ಬೇಕಾದದ್ದು 5ಡಬ್ಲ್ಯು-20 ದರ್ಜೆಯ ತೆಳು ಆಯಿಲ್. ಅವರ ಕಪಾಟಿನಲ್ಲಿ ನಿಮ್ಮ ಫಿಲ್ಟರ್ ಇಲ್ಲದಿರುವ ಸಾಧ್ಯತೆಯೂ ಉಂಟು. ಫೋರ್ಡ್‌ನದೇ ಬಿಡಿಭಾಗಗಳ ಬ್ರ್ಯಾಂಡ್ ಆದ ಮೋಟರ್‌ಕ್ರಾಫ್ಟ್‌ನ ಎಫ್‌ಎಲ್-820ಎಸ್ ಫಿಲ್ಟರ್ ಒಂದನ್ನು, ಐದು ಕ್ವಾರ್ಟಿನ ಕ್ಯಾನ್ ಒಂದನ್ನು, ಬಿಡಿ ಬಾಟಲಿ ಎರಡನ್ನು ಗಾಡಿಯ ಹೊರಗಿನ ಡಬ್ಬಿಯಲ್ಲಿ ಇಟ್ಟುಕೊಂಡೇ ಹೊರಡಿ. ನಿಖರವಾದ ಅಳತೆ ಕೈಪಿಡಿಯಲ್ಲಿದೆ. ಫೋನ್ ಮಾಡಿದಾಗ ಆಯಿಲ್ ಬದಲಾಯಿಸುತ್ತೀರಾ ಎಂದಷ್ಟೇ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಬದಲಿಗೆ ಪೆಟ್ರೋಲ್ ಎಂಜಿನ್ನಿನ ಇ-450 ಮೋಟರ್‌ಹೋಮ್, ಇಷ್ಟು ಎತ್ತರ, ಇಷ್ಟು ಉದ್ದ, ಆಯಿಲ್ ಮತ್ತು ಫಿಲ್ಟರ್ ನಾನೇ ತರುತ್ತೇನೆ, ಹಾಕಿಕೊಡುತ್ತೀರಾ, ಯಾವ ದಿನ ಎಷ್ಟು ಗಂಟೆಗೆ ಬರಲಿ ಎಂದು ಒಂದೇ ಉಸಿರಿನಲ್ಲಿ ಹೇಳಿ. ಉತ್ತರ ಕೊಟ್ಟವರ ಹೆಸರನ್ನು ಬರೆದಿಟ್ಟುಕೊಳ್ಳಿ.

ರಸೀದಿಯಲ್ಲಿ ಮೈಲಿ, ದಿನಾಂಕ, ಆಯಿಲಿನ ದರ್ಜೆ ಮೂರೂ ಇರುವಂತೆ ನೋಡಿಕೊಳ್ಳಿ. ನಿಮ್ಮದು ಹಳೆಯ ಗಾಡಿಯಾದರೂ ಹೊಸ ಗಾಡಿಯಿರುವ ಓದುಗರಿಗಾಗಿ ಹೇಳುತ್ತಿದ್ದೇನೆ: ಡೀಲರ್ ಬಿಟ್ಟು ಬೇರೆಡೆ ಆಯಿಲ್ ಬದಲಾಯಿಸಿದರೆ ವಾರಂಟಿ ಹೋಗುತ್ತದೆ ಎಂಬ ಮಾತನ್ನು ನಂಬಬೇಕಾಗಿಲ್ಲ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ ಅಂಥ ಷರತ್ತು ಹಾಕುವಂತಿಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಆಯಿಲ್ ಹಾಕಿಸಿದ್ದೀರಿ ಎಂಬುದಕ್ಕೆ ದಾಖಲೆ ಮಾತ್ರ ನಿಮ್ಮಲ್ಲಿರಬೇಕು.

ಉತ್ತರ 3 (ಫೀನಿಕ್ಸ್, ಅರಿಜೋನಾ)

ನಾನು ನನ್ನ ಗಾಡಿಯ ಆಯಿಲನ್ನು ನಾನೇ ಬದಲಾಯಿಸುವವನು, ಆದ್ದರಿಂದ ಆ ದಾರಿಯ ಬಗ್ಗೆ ಕೆಲವು ಮಾತು. ಇ-450 ನೆಲದಿಂದ ಸಾಕಷ್ಟು ಎತ್ತರದಲ್ಲಿರುವುದರಿಂದ ಜ್ಯಾಕ್ ಹಾಕದೆಯೇ ಕೆಳಗೆ ನುಸುಳಬಹುದು. ಗಾಡಿಯನ್ನು ಸಮತಟ್ಟು ಮಾಡಲು ಇರುವ ಲೆವೆಲಿಂಗ್ ಜ್ಯಾಕ್‌ಗಳ ಮೇಲೆ ಎತ್ತಿ ಅದರ ಕೆಳಗೆ ಮಲಗುವ ಕೆಲಸವನ್ನು ಯಾರೂ, ಎಂದಿಗೂ ಮಾಡಬಾರದು. ಅವು ಮನುಷ್ಯನ ಮೈಮೇಲೆ ಭಾರ ಹಿಡಿದು ನಿಲ್ಲಿಸಲು ಮಾಡಿದವಲ್ಲ.

ಎಂಜಿನ್ ಬೆಚ್ಚಗಿರುವಾಗ ಆಯಿಲ್ ಚೆನ್ನಾಗಿ ಇಳಿಯುತ್ತದೆ, ಕುದಿಯುವಷ್ಟು ಬಿಸಿಯಿರುವಾಗ ಆಯಿಲ್ ಇಳಿಸುವ ಬೋಲ್ಟ್ ಬಿಚ್ಚಿದರೆ ಕೈ ಸುಡುತ್ತದೆ. ಹಳೆಯ ಫಿಲ್ಟರ್ ತೆಗೆದ ತಕ್ಷಣ ಅದರ ರಬ್ಬರ್ ಉಂಗುರ ಫಿಲ್ಟರಿನ ಜೊತೆಗೇ ಬಂದಿದೆಯೇ ಎಂದು ತಿರುಗಿಸಿ ನೋಡಿ. ಕೆಲವೊಮ್ಮೆ ಅದು ಎಂಜಿನ್ನಿಗೇ ಅಂಟಿಕೊಂಡು ಉಳಿದಿರುತ್ತದೆ. ಆ ಕಪ್ಪು ಉಂಗುರ ಕಪ್ಪು ಜಿಡ್ಡಿನ ನಡುವೆ ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ, ಎಂಜಿನ್ ಶುರುವಾಗಿ ಒತ್ತಡ ಏರಿದೊಡನೆ ಎರಡು ಉಂಗುರಗಳ ಸಂದಿನಿಂದ ಆಯಿಲೆಲ್ಲ ಹೊರಗೆ ಚಿಮ್ಮಬಹುದು. ಇದನ್ನು ಅಂಗಡಿಯಲ್ಲಿ ಮಾಡಿಸುವವರೂ ಗಮನಿಸಬೇಕು: ಕೆಲಸ ಮುಗಿದ ಮೇಲೆ ಎಂಜಿನ್ ಓಡಿಸಿ, ಅಲ್ಲೇ ನಿಂತು ಫಿಲ್ಟರ್ ಮತ್ತು ಬೋಲ್ಟಿನ ಜಾಗ ಒಣಗಿದೆಯೇ ನೋಡಿಯೇ ಹೊರಡಿ.

ಇಷ್ಟೆಲ್ಲ ಹೇಳಿದರೂ ಪ್ರವಾಸದ ನಡುವೆ ಇದನ್ನು ಸ್ವಂತವಾಗಿ ಮಾಡಿ ಎಂದು ನಾನು ಹೇಳಲಾರೆ. ಬಹುತೇಕ ಕ್ಯಾಂಪ್‌ಗ್ರೌಂಡ್‌ಗಳು ಗಾಡಿ ರಿಪೇರಿಗೆ ಅವಕಾಶ ಕೊಡುವುದಿಲ್ಲ, ರಾಷ್ಟ್ರೀಯ ಉದ್ಯಾನದ ಒಳಗಂತೂ ಆ ಯೋಚನೆಯೇ ಬೇಡ. ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ಮಾಡುವವರನ್ನು ನೋಡಿದ್ದೇನೆ, ಅದು ಸರಿಯಲ್ಲ. ಒಂದು ಗ್ಯಾಲನ್ ಹಳೆಯ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಾವು ನೋಡಲೆಂದು ಅಷ್ಟು ದೂರ ಹೋಗುವುದೇ ಆ ನದಿ, ಸರೋವರಗಳನ್ನು. ಅನಿವಾರ್ಯವಾಗಿ ಮಾಡಲೇಬೇಕಾದರೆ ಪರಿಚಯದವರ ಮನೆಯಂಗಳದಲ್ಲಿ ಮಾಡಿ, ಹಳೆಯ ಆಯಿಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಆಟೊಜೋನ್ ಅಥವಾ ಒ'ರೈಲಿ ಅಂಗಡಿಗೆ ಒಯ್ಯಿರಿ. ಅವರ ಹೆಚ್ಚಿನ ಶಾಖೆಗಳು ಹಣ ಕೇಳದೆ ತೆಗೆದುಕೊಳ್ಳುತ್ತವೆ. ಅದರಲ್ಲಿ ಕೂಲೆಂಟ್ ಆಗಲಿ ಬ್ರೇಕ್ ದ್ರವವಾಗಲಿ ಬೆರೆತಿದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊರಡುವ ಮುನ್ನ ಒಮ್ಮೆ, ಶಿಕಾಗೊದಲ್ಲಿ ಇನ್ನೊಮ್ಮೆ ಎಂದು ತೀರ್ಮಾನಿಸಿದ್ದೇವೆ. ನಾದಿನಿಯ ಗಂಡ ಹತ್ತಿರದ ವಾಣಿಜ್ಯ ವಾಹನಗಳ ಡೀಲರ್ ಒಬ್ಬರನ್ನು ವಿಚಾರಿಸುವುದಾಗಿ ಹೇಳಿದ್ದಾರೆ. ಫಿಲ್ಟರ್ ಈಗಾಗಲೇ ತರಿಸಿದ್ದೇನೆ. ಒಂದು ವಿಷಯ ಉಳಿದಿದೆ: ಗಾಡಿಯಲ್ಲಿರುವ 4,000 ವಾಟ್‌ನ ಓನನ್ ಜನರೇಟರ್‌ಗೂ ಇದೇ ಸಮಯದಲ್ಲಿ ಆಯಿಲ್ ಬದಲಾಯಿಸಬೇಕೆ?

ಉತ್ತರ 2 (ನೇಪರ್‌ವಿಲ್)

ಜನರೇಟರ್‌ನ ಲೆಕ್ಕ ಮೈಲಿಯಲ್ಲಿ ಅಲ್ಲ, ಗಂಟೆಯಲ್ಲಿ. ಓನನ್‌ನ ಆ ಮಾದರಿಗೆ ಸಾಮಾನ್ಯವಾಗಿ 150 ಗಂಟೆಗೊಮ್ಮೆ ಆಯಿಲ್ ಬದಲಾಯಿಸಬೇಕು. ಸ್ವಿಚ್ಚಿನ ಬಳಿ ಇರುವ ಗಂಟೆಯ ಮೀಟರನ್ನು ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ. ಬ್ಯಾಡ್‌ಲ್ಯಾಂಡ್ಸ್‌ನ ಬಿಸಿಲಿನಲ್ಲಿ ಹಿರಿಯರಿಗಾಗಿ ಏಸಿ ಓಡಿಸುವಾಗ ಗಂಟೆಗಳು ಬೇಗ ಏರುತ್ತವೆ, ಅದರ ಆಯಿಲ್ ಮಟ್ಟವನ್ನು ಪ್ರತಿದಿನ ನೋಡಬೇಕಾದ್ದು ಆಗಲೇ. ಹಿಡಿಸುವುದು ಒಂದೂವರೆ ಲೀಟರ್ ಸುಮಾರಾದ್ದರಿಂದ ಸ್ವಲ್ಪ ಕಡಿಮೆಯಾದರೂ ಅದಕ್ಕೆ ಬೇಗ ಪೆಟ್ಟು ಬೀಳುತ್ತದೆ. ಡೀಲರುಗಳು ಎಂಜಿನ್ನಿನ ಕೆಲಸ ಮಾಡಿಯೂ ಜನರೇಟರ್ ಮುಟ್ಟುವುದಿಲ್ಲ ಎನ್ನುವುದುಂಟು, ಆದ್ದರಿಂದ ಸಮಯ ಗೊತ್ತುಮಾಡುವಾಗಲೇ ಅದನ್ನು ಬೇರೆಯಾಗಿ ಕೇಳಿಬಿಡಿ. ಅವರು ಒಲ್ಲೆ ಎಂದರೆ ಓನನ್ ಕಮಿನ್ಸ್ ಕಂಪನಿಯದ್ದೇ ಆದ್ದರಿಂದ ಕಮಿನ್ಸ್ ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಿ.