ಟೈಪ್-ಸಿ ಎರಡಿದ್ದರೂ ಮಾನಿಟರ್ ಒಂದರಲ್ಲಿ ಮಾತ್ರ ಬರುತ್ತಿದೆ, ಪೋರ್ಟ್ ಕೆಟ್ಟಿದೆಯಾ?

ಪ್ರಶ್ನೆ ಕೇಳಿದವರು:
ಹೊಸ ಲ್ಯಾಪ್‌ಟಾಪ್‌ನಲ್ಲಿ ಎರಡು ಟೈಪ್-ಸಿ, ಒಂದು ಹಳೇ ಯುಎಸ್‌ಬಿ ಇವೆ. ಮಾನಿಟರ್ ಜೋಡಿಸುವ ಎಚ್‌ಡಿಎಂಐ ಪೋರ್ಟ್ ಇಲ್ಲ. ಅದಕ್ಕೆ ಹಬ್ (ಟೈಪ್-ಸಿಗೆ ಸಿಕ್ಕಿಸಿದರೆ ಎಚ್‌ಡಿಎಂಐ ಕೊಡುವ ಚಿಕ್ಕ ಪೆಟ್ಟಿಗೆ) ಹಾಕಿ 4ಕೆ ಮಾನಿಟರ್ ಜೋಡಿಸಿದೆ. ಮೊದಲ ಪೋರ್ಟ್‌ನಲ್ಲಿ ಚಿತ್ರ ಬರುತ್ತದೆ, ಆದರೆ ಕರ್ಸರ್ ತಡೆದು ತಡೆದು ಓಡುತ್ತದೆ. ಎರಡನೆಯದರಲ್ಲಿ ಸಿಗ್ನಲ್ಲೇ ಇಲ್ಲ. ಅದರಲ್ಲಿ ಚಾರ್ಜ್ ಆಗುತ್ತದೆ, ಪೆನ್‌ಡ್ರೈವ್ ಕೂಡ ಓದುತ್ತದೆ. ವಾರಂಟಿಗೆ ಕೊಡಬೇಕಾ?

ಉತ್ತರ:
ಈಗಲೇ ಕೊಡಬೇಡಿ ಸರ್. ಪೆನ್‌ಡ್ರೈವ್ ಓದುತ್ತಿದ್ದರೆ ಪೋರ್ಟ್ ಬಹುಶಃ ಚೆನ್ನಾಗಿಯೇ ಇದೆ. ಟೈಪ್-ಸಿ ಅಂದರೆ ಬರೀ ಆಕಾರ. ಒಳಗೆ ಸೆಕೆಂಡಿಗೆ 480 ಮೆಗಾಬಿಟ್‌ನ ಯುಎಸ್‌ಬಿ 2.0 ಇರಬಹುದು, 40 ಗಿಗಾಬಿಟ್‌ನ ಥಂಡರ್‌ಬೋಲ್ಟ್ ಕೂಡ ಇರಬಹುದು. ಸಾಮಾನ್ಯ ಹಬ್‌ನಿಂದ ಚಿತ್ರ ಬರಬೇಕಾದರೆ ಪೋರ್ಟ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಟೈಪ್-ಸಿಯಲ್ಲೇ ಚಿತ್ರದ ಸಿಗ್ನಲ್ ಕಳಿಸುವ ವ್ಯವಸ್ಥೆ, ಇರಲೇಬೇಕು. ಪೋರ್ಟ್ ಪಕ್ಕ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ, ‘ಡಿ’ ಮತ್ತು ‘ಪಿ’ ಸೇರಿದ ಗುರುತೋ ಇದೆಯಾ ನೋಡಿ. ಎಷ್ಟೋ ಕಂಪನಿಗಳು ಗುರುತೇ ಹಾಕುವುದಿಲ್ಲ, ಇದು ನಿಜಕ್ಕೂ ಬೇಸರದ ವಿಷಯ. ಆಗ ಮಾಡೆಲ್ ನಂಬರ್ ಹಾಕಿ ಮ್ಯಾನ್ಯುಯಲ್ ತೆಗೆದು ನೋಡಬೇಕು.

ಕರ್ಸರ್ ವಿಷಯಕ್ಕೆ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನೋದು) ಎಷ್ಟಿದೆ ಹೇಳಿ, ಅದು ಕಡಿಮೆಯಿದ್ದರೆ ಕರ್ಸರ್ ಹಾಗೆ ತಡೆದು ಓಡುತ್ತದೆ. ಎಚ್‌ಡಿಎಂಐ 1.4 ಇರುವ ಹಬ್ ಆದರೆ 4ಕೆಯಲ್ಲಿ 30 ಹರ್ಟ್ಸ್ ಮಾತ್ರ ಕೊಡುತ್ತದೆ.

ಪ್ರಶ್ನೆ ಕೇಳಿದವರು:
ಹೌದು, 30 ಇದೆ. ಮ್ಯಾನ್ಯುಯಲ್ ನೋಡಿದೆ, ಮೊದಲ ಪೋರ್ಟ್‌ಗೆ ಮಾತ್ರ ಡಿಸ್‌ಪ್ಲೇಪೋರ್ಟ್ 1.4 ಅಂತ ಬರೆದಿದ್ದಾರೆ. ಮಾನಿಟರ್‌ನಲ್ಲೇ ಟೈಪ್-ಸಿ ಇದೆ. ಫೋನ್ ಚಾರ್ಜರ್ ಕೇಬಲ್‌ನಿಂದ ನೇರವಾಗಿ ಜೋಡಿಸಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಚಿತ್ರ ಇಲ್ಲ.

ಇನ್ನೊಬ್ಬರ ಉತ್ತರ:
ಫೋನ್ ಜೊತೆ ಬರುವ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0. ಚಿತ್ರ ಸಾಗಿಸುವ ವೇಗದ ತಂತಿಗಳೇ ಅವುಗಳಲ್ಲಿ ಇರುವುದಿಲ್ಲ. ಮಾನಿಟರ್ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಹಾಕಿ. ಸಾಮಾನ್ಯವಾಗಿ ಅದು ದಪ್ಪ, ಗಿಡ್ಡ.

ಪ್ರಶ್ನೆ ಕೇಳಿದವರು:
ಬಂತು! 60 ಹರ್ಟ್ಸ್, ಚಾರ್ಜಿಂಗ್, ಎಲ್ಲ ಒಂದೇ ಕೇಬಲ್‌ನಲ್ಲಿ. ಆದರೆ ಮಾನಿಟರ್ ಹಿಂದಿನ ಯುಎಸ್‌ಬಿಗೆ ಎಸ್‌ಎಸ್‌ಡಿ (ವೇಗದ ಡ್ರೈವ್) ಹಾಕಿದರೆ ಕಾಪಿ ಸೆಕೆಂಡಿಗೆ 40 ಮೆಗಾಬೈಟ್ ದಾಟುತ್ತಿಲ್ಲ.

ಉತ್ತರ:
ಆ ವೇಗ ಯುಎಸ್‌ಬಿ 2.0ದ್ದು. ಟೈಪ್-ಸಿ ಕೇಬಲ್‌ನಲ್ಲಿ ವೇಗದ ದಾರಿ ನಾಲ್ಕೇ. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಡೇಟಾಗೆ ಉಳಿಯುವುದು ಹಳೇ 2.0 ತಂತಿ ಮಾತ್ರ. ಎರಡೆರಡು ಹಂಚಿದರೆ ಯುಎಸ್‌ಬಿ 3 ವೇಗ ಸಿಗುತ್ತದೆ. ಮಾನಿಟರ್‌ನ ಮೆನುವಿನಲ್ಲಿ ‘ಯುಎಸ್‌ಬಿ-ಸಿ ಆದ್ಯತೆ’ ಅನ್ನೋ ಥರದ ಆಯ್ಕೆ ಹುಡುಕಿ, ಡೇಟಾ ವೇಗಕ್ಕೆ ಬದಲಿಸಿ. ಮಾನಿಟರ್‌ನಲ್ಲೂ ಡಿಸ್‌ಪ್ಲೇಪೋರ್ಟ್ 1.4 ಇದ್ದರೆ ಎರಡು ದಾರಿಯಲ್ಲೇ 4ಕೆ 60 ಹರ್ಟ್ಸ್ ಸಾಗುತ್ತದೆ. 1.2 ಇದ್ದರೆ ಮತ್ತೆ 30ಕ್ಕೆ ಇಳಿಯುತ್ತದೆ. ಆಗ ಆ ಆಯ್ಕೆಯನ್ನು ಮುಟ್ಟಬೇಡಿ, ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪ್‌ನ ಎರಡನೇ ಟೈಪ್-ಸಿಗೆ ಹಾಕಿ. ಅದು ಹೇಗೂ ಖಾಲಿ ಇದೆ ಅಲ್ವಾ?

ಪ್ರಶ್ನೆ ಕೇಳಿದವರು:
ಆಯ್ಕೆ ಬದಲಿಸಿದೆ, 60 ಹಾಗೇ ಉಳಿಯಿತು. ಕಾಪಿ 400 ದಾಟಿದೆ. ಇಬ್ಬರಿಗೂ ಧನ್ಯವಾದ. ಹಬ್ ಇನ್ನು ಬೇಕಾಗಿಲ್ಲ.